ಕಳಸೂಬಾಯಿಯ ಎತ್ತರ ಅರ್ಧ ಸೆಂಟಿಮೀಟರ್

ಸಹ್ಯಾದ್ರಿ ಪರ್ವತಶ್ರೇಣಿಯು ಒಂದು ಚಳಿಗಾಲದ ಕೊನೆಯಲ್ಲಿ ಕೆಲವು ದಿನ ನಮ್ಮ ಮನೆಯ ಮಂಚದ ಕೆಳಗೆ ವಾಸವಾಗಿತ್ತು. ಭೂಗೋಳ ಬಲ್ಲವರು ಈ ಸಂಗತಿಯನ್ನು ಎಲ್ಲಿಯೂ ದಾಖಲಿಸಿಲ್ಲವಾದ್ದರಿಂದ ಆ ಭಾರ ನನ್ನ ಮೇಲೆ ಬಿದ್ದಿದೆ.

ಎಪ್ಪತ್ತರ ಆಸುಪಾಸಿನ ಮಾತು. ನಾಶಿಕದ ಪಂಚವಟಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿ ಓಝರಿಗೆ ಹೋಗುವುದು, ಅಲ್ಲಿ ವಿಮಾನದ ಬಿಡಿಭಾಗಗಳ ನಕ್ಷೆ ಬರೆಯುವುದು, ಸಂಜೆ ಅದೇ ಬಸ್ಸಿನಲ್ಲಿ ತೂಕಡಿಸುತ್ತ ಮರಳುವುದು, ಇದು ನನ್ನ ವೃತ್ತಿ. ನನ್ನ ಹೆಂಡತಿಯ ವೃತ್ತಿ ಇಷ್ಟು ಭದ್ರವಾಗಿರಲಿಲ್ಲ. ಬೀದರ ಜಿಲ್ಲೆಯ ಗಡಿಯ ಊರಿನವಳಾದ್ದರಿಂದ ಅವಳಿಗೆ ಮರಾಠಿ ಕನ್ನಡದಷ್ಟೇ ಸಲೀಸು. ಹತ್ತಿರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು, ಆದರೆ ಹಂಗಾಮಿ. ಏಪ್ರಿಲ್ ಕೊನೆಗೆ ಬಿಡುಗಡೆ, ಜೂನಿನಲ್ಲಿ ಮಳೆ ಬಂದರೆ ಮರುಜನ್ಮ. ಹೀಗೆ ಹಲವು ಬಾರಿ ಹುಟ್ಟಿ ಸತ್ತವಳಿಗೆ ಆ ವರ್ಷ ಒಂದು ಕಾಯಂ ಹುದ್ದೆ ಬರುವ ಸೂಚನೆ ಸಿಕ್ಕಿತು. ಫೆಬ್ರವರಿಯಲ್ಲಿ ಆಡಳಿತ ಮಂಡಳಿಯವರು ಬಂದು ಅವಳ ಪಾಠ ಕೇಳುವರು. ಮೆಚ್ಚಿದರೆ ಕಾಯಂ, ಇಲ್ಲವಾದರೆ ಆ ಏಪ್ರಿಲ್ಲೇ ಕೊನೆಯ ಏಪ್ರಿಲ್.

ಮಂಡಳಿಯಲ್ಲಿ ಒಬ್ಬ ಹಿರಿಯರಿದ್ದರು. ಕರಿ ಟೋಪಿ, ಬಿಳಿ ಧೋತರ, ತಪ್ಪದೆ ನದೀಸ್ನಾನ. ಅವರದೊಂದು ಆಕ್ಷೇಪವಿದೆಯೆಂದು ಮುಖ್ಯಾಧ್ಯಾಪಿಕೆ ಮೊದಲೇ ಕಿವಿಗೆ ಹಾಕಿದ್ದರು. "ಬಾಈ ಚೆನ್ನಾಗಿ ಕಲಿಸುತ್ತಾರೆ, ಒಪ್ಪಿದೆ. ಆದರೆ ಅವರು ಕಾನಡಿ, ಕನ್ನಡದವರು. ನಮ್ಮ ಡೋಂಗರಗಳನ್ನು, ನಮ್ಮ ಗುಡ್ಡಗಳನ್ನು, ನಮ್ಮ ಹುಡುಗಿಯರಿಗೆ ಹೊರಗಿನವರು ಬಂದು ತೋರಿಸಬೇಕೇ?" ಎಂಬುದು ಅದರ ಸಾರ.

ಇದನ್ನು ಅವಳು ನನಗೆ ವರದಿ ಮಾಡಿದ್ದು ರೊಟ್ಟಿ ಬಡಿಯುತ್ತ. ಆ ದಿನದ ರೊಟ್ಟಿಗಳು ಎಂದಿಗಿಂತ ತೆಳ್ಳಗಾಗಿದ್ದವು.

"ನೀ ಏನಂದಿ?" ಎಂದೆ.

"ಏನನ್ಲಿ? ತೋರಿಸ್ತೀನಿ ಅಂದೀನಿ. ಹಲಗಿ ಮ್ಯಾಲ ಇಡೀ ಸಹ್ಯಾದ್ರಿ ಮಾಡಿ ತೋರಿಸ್ತೀನಿ ಅಂತ ಮುಖ್ಯಾಧ್ಯಾಪಿಕೇರಿಗಿ ಮಾತು ಕೊಟ್ಟು ಬಂದೀನಿ."

"ಇಡೀ ಸಹ್ಯಾದ್ರಿನಾ?"

"ಎಲ್ಲ ಟೊಂಗಿ ಸಮೇತ."

ಟೊಂಗೆಗಳ ವಿಚಾರ ನನಗೆ ತಿಳಿಯದೆಂದು ಅವಳಿಗೆ ಗೊತ್ತಿತ್ತು. ನನ್ನ ಮಟ್ಟಿಗೆ ಸಹ್ಯಾದ್ರಿಯೆಂದರೆ ಮುಂಬಯಿಯ ರೈಲು ಇಗತಪುರಿಯ ಏರಿಗೆ ಹಿಂದೊಂದು ಎಂಜಿನ್ ಕಟ್ಟಿಸಿಕೊಳ್ಳುವುದಕ್ಕೆ ಇರುವ ಕಾರಣ. ಆಕೆ ಗೂಡಿನಿಂದ ಹಲ್ಲು ಮುರಿದ ಹಣಿಗೆಯೊಂದನ್ನು ತಂದು ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಹಣಿಗೆಯ ಬೆನ್ನು ಎಂದರೆ ಉತ್ತರದಿಂದ ದಕ್ಷಿಣಕ್ಕೆ ಸಮುದ್ರದ ಗುಂಟ ಹೋಗುವ ಮುಖ್ಯ ಸಹ್ಯಾದ್ರಿ. ಉಳಿದ ಮೂರು ಹಲ್ಲುಗಳು ಅದರಿಂದ ಹೊರಟು ಪೂರ್ವಕ್ಕೆ ಚಾಚಿದ ಸಾಲುಗಳು. ಮೇಲಿನದು ಸಾತಮಾಳ; ಸಪ್ತಶೃಂಗಿ ದೇವಿಯನ್ನೂ ಧೋಡಪದ ಕೋಟೆಯನ್ನೂ ಹೊತ್ತು ಚಾಂದವಡ, ಮನಮಾಡ ದಾಟಿ ಮುಂದೆ ಅಜಂತೆಯ ಬೆಟ್ಟಗಳೆನ್ನಿಸಿಕೊಳ್ಳುತ್ತದೆ. ನಡುವಿನದು ಹರಿಶ್ಚಂದ್ರಗಡದಿಂದ ಹೊರಟು ಬಾಲಾಘಾಟವಾಗಿ ಬೀಡ ಜಿಲ್ಲೆಯ ಮೇಲೆ ಹಾಯ್ದು ಅವಳ ತವರಿನ ಕಡೆ ನೆಲಕ್ಕೆ ಕರಗುವುದು. ಕೆಳಗಿನದು ಮಹಾದೇವ ಡೋಂಗರ. ಹಲ್ಲುಗಳ ನಡುವೆ ಸಿಕ್ಕಿಬಿದ್ದ ಕೂದಲುಗಳೇ ನದಿಗಳು: ಮೊದಲ ಸಂದಿಯಲ್ಲಿ ಗೋದಾವರಿ, ಎರಡನೆಯದರಲ್ಲಿ ಭೀಮೆ.

"ಮತ್ತ ನಮ್ಮ ತ್ರ್ಯಂಬಕ?"

"ಅದು ಬೆನ್ನಿನ ಮ್ಯಾಲ. ಬ್ರಹ್ಮಗಿರಿ, ಅಂಜನೇರಿ ಎಲ್ಲ ತ್ರ್ಯಂಬಕದ ಸಾಲು. ಅದರ ತೆಳಗ ಕಳಸೂಬಾಯಿ ಸಾಲು, ಇಡೀ ರಾಜ್ಯದಾಗ ಎತ್ತರದ ಶಿಖರ ಇರೋದು ಅಲ್ಲೇ. ನಮ್ಮ ಶಾಲಿ ಮಾಳಿಗಿ ಮ್ಯಾಲೆ ನಿಂತರ ಹುಡುಗಿಯರಿಗಿ ಗುಡ್ಡ ಕಾಣ್ತಾವ, ಯಾವುದು ಯಾರ ಮನಿತನದ್ದು ಅಂತ ಗೊತ್ತಿಲ್ಲ. ಹೆಸರಿಲ್ಲದ ನೆಂಟರ ಗತಿ."

ಇಲ್ಲಿ ನಾನು ಮಾಡಿದ ಕೆಲಸ ಸದ್ಭಾವದ್ದು. ಹಲಗೆಯ ಕೆಲಸ ನನಗೆ ಬಿಡು ಎಂದೆ. ವಿಮಾನ ಮಾಡುವವನಿಗೆ ಗುಡ್ಡವೊಂದು ಭಾರವೇ?

ನನ್ನ ಜೊತೆ ಇಬ್ಬರು ಸೇರಿದರು. ಒಬ್ಬರು ಮೈಸೂರಿನವರು, ನಕ್ಷೆ ವಿಭಾಗದಲ್ಲಿ ನನಗಿಂತ ಹಿರಿಯರು. ಗೆರೆ ಎಳೆಯುವ ಮೊದಲು ಪೆನ್ಸಿಲ್ಲಿಗೆ ನಮಸ್ಕಾರ ಮಾಡುವಂಥವರು. ಇನ್ನೊಬ್ಬ ಬೆಳಗಾವಿಯ ಫಿಟ್ಟರ್, ಅಳತೆಯ ವಿಷಯದಲ್ಲಿ ಸ್ವಂತ ತಾಯಿಯನ್ನೂ ನಂಬದವನು. ನಮ್ಮ ಜಗುಲಿಯಲ್ಲಿ ಕುಳಿತು ನಾವು ಮೂವರು ಗಂಭೀರವಾಗಿ ನಿರ್ಣಯಗಳನ್ನು ಅಂಗೀಕರಿಸಿದೆವು. ಮಾದರಿ ಮುಗಿಯುವ ತನಕ ಭೂಗೋಳದ ಬಾಈ ಅದನ್ನು ನೋಡತಕ್ಕದ್ದಲ್ಲ. ಹಲಗೆ ಆಳುದ್ದ. ಒಂದು ಸೆಂಟಿಮೀಟರಿಗೆ ಮೂರು ಕಿಲೋಮೀಟರ್.

"ಉದ್ದಕ್ಕೂ ಅದೇ, ಎತ್ತರಕ್ಕೂ ಅದೇ," ಎಂದರು ಮೈಸೂರಿನವರು. "ಸ್ಕೇಲ್ ಅಂದ್ರೆ ಸ್ಕೇಲು ಸ್ವಾಮಿ. ರೆಕ್ಕೆಗೊಂದು, ಬಾಲಕ್ಕೊಂದು ಅಳತೆ ಇಟ್ರೆ ವಿಮಾನ ಹಾರತ್ತಾ?"

ಹಾರುವುದಿಲ್ಲವೆಂದು ನಾವು ಒಪ್ಪಿದೆವು. ಗುಡ್ಡ ಹಾರಬೇಕಾಗಿಲ್ಲ ಎಂಬ ಅಂಶ ಆ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ನೀರಾವರಿ ಇಲಾಖೆಯ ಪರಿಚಿತರೊಬ್ಬರಿಂದ ಎತ್ತರದ ಗೆರೆಗಳಿರುವ ನಕ್ಷೆಗಳು ಬಂದವು. ನೂರು ಮೀಟರಿಗೊಂದು ಕಾಗದದಂತೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸುವುದೆಂದು ಯೋಜನೆ. ಬೆಳಗಾವಿಯವನು ಅಂಗಡಿಯಲ್ಲಿ ಪ್ರತಿಯೊಂದು ಬಗೆಯ ಕಾಗದದ ದಪ್ಪವನ್ನೂ ಮೈಕ್ರೋಮೀಟರಿನಿಂದ ಅಳೆದದ್ದರಿಂದ ಅಂಗಡಿಯವನು ಅವನನ್ನು ಯಾವುದೋ ಸರ್ಕಾರಿ ತಪಾಸಣೆಯವನೆಂದು ತಿಳಿದು ಚಹಾ ತರಿಸಿದ. ಭಾನುವಾರಗಳು ಕತ್ತರಿಯಲ್ಲಿ ಕಳೆದವು. ಹಸಿರು, ಕಂದು, ನದಿಗೆ ನೀಲಿ, ಮೇಲೆ ಎರಡು ಕೈ ವಾರ್ನಿಶ್. ಸೂರ್ಯನ ಬೆಳಕಿನಲ್ಲಿ ಅದು ಥಳಥಳ ಹೊಳೆಯಿತು. ವಿಮಾನಯಾನಕ್ಕೆ ಮುಡಿಪಾದ ಮೂವರ ಪೈಕಿ ಒಬ್ಬನೂ ಅದನ್ನು ಬಗ್ಗಿ ಪಕ್ಕದಿಂದ ನೋಡಲಿಲ್ಲ.

ಅನಾವರಣಕ್ಕೆ ಅವಳನ್ನು ಕರೆದೆವು. ಕೈ ಒರೆಸಿಕೊಳ್ಳುತ್ತ ಬಂದವಳು ಹಲಗೆಯ ಮೇಲೆ ಅಂಗೈ ಆಡಿಸಿದಳು, ಒಂದು ತುದಿಯಿಂದ ಇನ್ನೊಂದಕ್ಕೆ. ಅಂಗೈಗೆ ಏನೂ ಅಡ್ಡ ಬರಲಿಲ್ಲ.

"ಛಂದ ಆಗ್ಯಾದ," ಎಂದಳು. "ಗುಡ್ಡ ಯಾವಾಗ ಕೂಡಸ್ತೀರಿ?"

ಮೈಸೂರಿನವರು ಪೆನ್ಸಿಲ್ ತುದಿಯನ್ನು ಒಂದು ಕಡೆ ತಾಗಿಸಿದರು. "ಅತ್ತಿಗೆಯವರೇ, ಇದೇ ಕಳಸೂಬಾಯಿ. ಅರ್ಧ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಜಾಸ್ತಿ. ನಾಶಿಕವೇ ಎರಡು ಮಿಲಿಮೀಟರ್ ಮೇಲಿದೆಯಲ್ಲ, ಅದನ್ನು ಕಳೆದರೆ..."

"ಅದು ಬಣ್ಣದ ಗುಳ್ಳಿ ಅನ್ಕೊಂಡಿದ್ದೆ."

"ಒಂದು ಮಿಲಿಮೀಟರೂ ಸುಳ್ಳು ಹೇಳಲ್ಲ ಇದು."

"ಸುಳ್ಳು ಹೇಳಲ್ರಿ, ಒಪ್ಪಿದೆ. ಖರೇನೂ ಹೇಳವಲ್ದಲ್ಲ. ಇದರ ಮ್ಯಾಲ ಲಟ್ಟಣಿಗಿ ಹಾಕಿ ಚಪಾತಿ ಮಾಡಬಹುದು ನೋಡ್ರಿ."

ಬೆಳಗಾವಿಯವನು ಆಗ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಹಲಗೆಯ ಅಂಚಿನಿಂದ ನೋಡಿದ. ಬಹಳ ಹೊತ್ತು ಏಳಲಿಲ್ಲ. "ವೈನಿ ಹೇಳೂದು ಬರೋಬರಿ ಐತ್ರಿ," ಎಂದ ಕಡೆಗೆ. "ಸಪಾಟ ನೋಡಾಕ ಇಟ್ಟ ನಮ್ಮ ಸರ್ಫೇಸ್ ಪ್ಲೇಟ್ ಇದಕ್ಕಿಂತ ಉಬ್ಬೈತಿ."

ಪಾಠದ ದಿನಕ್ಕೆ ಇನ್ನು ಮೂರು ವಾರವೂ ಇರಲಿಲ್ಲ. ಆಗ ಅವಳು ಅತ್ತಿದ್ದರೆ ನಮಗೆ ಅನುಕೂಲವಾಗುತ್ತಿತ್ತು, ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಮನೆಯಲ್ಲಿದ್ದ ಹಳೆಯ ಪೇಪರುಗಳನ್ನೆಲ್ಲ ಹಿತ್ತಲ ನೀರಿನ ಹೌದಿನಲ್ಲಿ ನೆನೆಹಾಕಿದಳು. ನಮ್ಮ ಕಡೆ ಹೆಂಗಸರು ಕಾಗದ ನೆನೆಸಿ, ಮೆಂತ್ಯ ಹಾಕಿ ಒರಳಿನಲ್ಲಿ ರುಬ್ಬಿ, ಕೊಡದ ಬೆನ್ನಿಗೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಾರೆ. ಹುಳ ಹಿಡಿಯದ, ತಲೆಮಾರು ಬಾಳುವ ಬುಟ್ಟಿ. ಅವಳ ಲೆಕ್ಕದಲ್ಲಿ ಬುಟ್ಟಿಗೂ ಬೆಟ್ಟಕ್ಕೂ ಹದ ಒಂದೇ. ನಮ್ಮ ಹಲಗೆಯನ್ನು ತಳಪಾಯವಾಗಿ ಇಟ್ಟುಕೊಳ್ಳುವುದು, ಎತ್ತರವನ್ನು ಹತ್ತು ಪಟ್ಟು ಮಾಡುವುದು.

ಹತ್ತು ಪಟ್ಟು ಎಂಬ ಮಾತಿಗೆ ಮೈಸೂರಿನವರು ಕೂತಲ್ಲಿಂದ ಎದ್ದರು. ತಾವು ಮೂವತ್ತು ವರ್ಷ ಗೆರೆ ಎಳೆದವರು, ಒಂದು ಗೆರೆಯನ್ನೂ ಉಬ್ಬಿಸಿಲ್ಲ. ಇದು ಅಕ್ಷರಶಃ ಉತ್ಪ್ರೇಕ್ಷೆ, ಇದಕ್ಕೆ ತಮ್ಮ ಕೈ ಸೇರದು ಎಂದರು. ಚಹಾ ಮಾತ್ರ ಕುಡಿದರು.

"ಸರಿ ಬಿಡ್ರಿ," ಎಂದಳು ಅವಳು. "ಬರೋ ಶನಿವಾರ ಔರಂಗಾಬಾದಿಗಿ ನಮ್ಮ ಅಣ್ಣನ ಮನಿಗಿ ಹೋಗೋದದ. ನೀವೂ ಬರ್ರಿ. ಅಜಂತಾದ ಕಡಿ ಸಾಲು ನಾನೂ ಕಣ್ಣಿಲೆ ನೋಡಿಲ್ಲ. ನೋಡಿ ಬಂದ ಮ್ಯಾಲ ಸಣ್ಣದು ಮಾಡೂಣು ಅಂದ್ರ ಸಣ್ಣದೇ ಮಾಡ್ತೀನಿ."

ಈಗ ಛತ್ರಪತಿ ಸಂಭಾಜಿನಗರವೆನ್ನುವ ಊರಿಗೆ ಆಗ ನಮ್ಮ ಬಾಯಲ್ಲಿ ಔರಂಗಾಬಾದ್ ಎಂದೇ ಹೆಸರು. ಅವಳ ಅಣ್ಣ ಅಲ್ಲಿ ಬಟ್ಟೆ ವ್ಯಾಪಾರಿ. ಬೀದರಿನಿಂದ ಬಂದು ನೆಲೆಸಿ, ಮೂರು ಭಾಷೆಯಲ್ಲಿ ಒಂದೇ ದರ ಹೇಳುವಾತ. ರಾತ್ರಿ ಅಲ್ಲಿ ಉಂಡು, ಬೆಳಿಗ್ಗೆ ಚಾಳೀಸಗಾಂವಿನ ಎಸ್.ಟಿ. ಬಸ್ಸಿನಲ್ಲಿ ನಾವು ನಾಲ್ವರು ಕುಳಿತೆವು. ಬಸ್ಸು ದೌಲತಾಬಾದಿನ ಕೋಟೆಯ ಬುಡ ಹಾಯ್ದು ನರಳುತ್ತ ಖುಲ್ತಾಬಾದಿನ ಏರು ಹತ್ತಿತು. ಅಲ್ಲಿ ದರ್ಗಾಕ್ಕೆ ಬಂದವರು ಇಳಿದರು, ಹೂವಿನ ಬುಟ್ಟಿಗಳು ಹತ್ತಿದವು. ಗುಹೆಗಳ ವೇರೂಳ ದಾಟಿತು. ಆಮೇಲೆ ಬಯಲು. ಜೋಳದ ಹೊಲ, ಹತ್ತಿಯ ಹೊಲ, ಮತ್ತೆ ಜೋಳ. ಅಂಗೈಯಂಥ ನೆಲ.

ಮೈಸೂರಿನವರ ಮುಖ ಅರಳುತ್ತ ಬಂತು. ಕನ್ನಡ ಎಂಬ ತಾಲೂಕು ಊರಿನ ನಿಲ್ದಾಣದಲ್ಲಿ, ಕನ್ನಡದ ಒಂದಕ್ಷರವೂ ಬಾರದ ಚಹಾದವನಿಂದ ಚಹಾ ಕೊಂಡು, ಅವರು ಸುತ್ತಲೂ ನೋಡಿದರು.

"ಎಲ್ಲಿದೆ ಅತ್ತಿಗೆಯವರೇ ನಿಮ್ಮ ಅಜಂತಾ ಶ್ರೇಣಿ? ನಮ್ಮ ಹಲಗೆ ಇಲ್ಲೇ ಮಲಗಿದ ಹಾಗಿದೆಯಲ್ಲ."

ಬೆಳಗಾವಿಯವನು ನಗು ತಡೆಯಲು ಬಿಸಿ ಚಹಾ ನುಂಗಿ ಕಣ್ಣಲ್ಲಿ ನೀರು ತಂದುಕೊಂಡ. ಅವಳು ಕಿಟಕಿಯ ಸರಳು ಹಿಡಿದು ನೆಟ್ಟಗೆ ಕೂತಿದ್ದಳು. ಎದುರಿಗೆ ನಿಜಕ್ಕೂ ಏನೂ ಇರಲಿಲ್ಲ, ಕುರುಚಲು ಪೊದೆ, ಕೆಲವು ದಿಣ್ಣೆ. ಪಾಠಪುಸ್ತಕದಲ್ಲಿ ಕಂದು ಬಣ್ಣದ ಪಟ್ಟಿಯಾಗಿ ಕಾಣುವುದನ್ನು ಆ ಶಾಲೆಯ ಹುಡುಗಿಯರಿಗೆ ಎಷ್ಟೋ ಸಲ ಬೆರಳಿಟ್ಟು ತೋರಿಸಿದವಳು ಅವಳು. ಆ ಹೊತ್ತಿನಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಊರು ಬಿಟ್ಟು ಸ್ವಲ್ಪ ದೂರ ಹೋದ ಬಸ್ಸು ಒಂದು ತಿರುವು ತೆಗೆದುಕೊಂಡಿತು, ನೆಲ ಮುಗಿಯಿತು.

ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಎಡಗಡೆ ರಸ್ತೆಯ ಅಂಚಿನಾಚೆ ಗಾಳಿ ಮಾತ್ರ ಇತ್ತು. ಬಹಳ ಕೆಳಗೆ, ಮಂಜು ಕವಿದ ಖಾನದೇಶದ ಬಯಲು ಬೇರೆಯೇ ಒಂದು ದೇಶದಂತೆ ಹಾಸಿತ್ತು. ಬಸ್ಸು ಕರ್ರನೆ ಬ್ರೇಕು ಒತ್ತುತ್ತ ತಿರುವಿನ ಮೇಲೆ ತಿರುವು ಇಳಿಯಿತು. ಮೈಸೂರಿನವರು ಮುಂದಿನ ಸೀಟಿನ ಕಬ್ಬಿಣ ಹಿಡಿದು, ಗಣಪತಿಯಿಂದ ಆರಂಭಿಸಿ ಗೊತ್ತಿದ್ದ ದೇವರನ್ನೆಲ್ಲ ಕ್ರಮವಾಗಿ ಸ್ಮರಿಸಿದರು.

ಘಾಟಿನ ಬುಡದಲ್ಲಿ ಅವಳು ಬಸ್ಸು ನಿಲ್ಲಿಸಿದಳು. ಇಳಿದು ಹಿಂದೆ ತಿರುಗಿ ನೋಡಿದೆವು. ದಕ್ಷಿಣದ ದಿಕ್ಕನ್ನೇ ಮುಚ್ಚಿದಂತೆ ಕರಿಗಲ್ಲಿನ ಗೋಡೆ, ಪೂರ್ವ ಪಶ್ಚಿಮಕ್ಕೆ ಕಣ್ಣು ಹೋಗುವಷ್ಟು ದೂರ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದಂತಿತ್ತು.

"ನಾವು ಮುಂಜಾನಿಂದ ಇದರ ಮ್ಯಾಲೇ ಇದ್ದೆವು," ಎಂದಳು, ನಮಗಲ್ಲ, ತನಗೇ. "ಇದು ಗುಡ್ಡ ಅಲ್ಲ. ಅಂಚು. ಆ ಕಡಿಯಿಂದ ಬಂದವರಿಗಿ ಕಾಣೋದೇ ಇಲ್ಲ, ಈ ಕಡಿಯಿಂದ ಬಂದವರಿಗಿ ಗೋಡಿ. ನಾ ಎರಡೂ ಕಡಿ ಒಂದೇ ಇಳಿಜಾರು ಮಾಡ್ತಿದ್ದೆ. ಬಂದಿದ್ದು ಛಲೋ ಆತು."

ಆಮೇಲೆ ಮೈಸೂರಿನವರ ಕಡೆ ತಿರುಗಿದಳು. "ಈಗ ಹೇಳ್ರಿ. ಎಷ್ಟು ಮಿಲಿಮೀಟರ್ ಅದ?"

ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಅತ್ತಿಗೆಯವರೇ, ಹತ್ತು ಪಟ್ಟು ಮಾಡಿ. ಆದರೆ ಒಂದು ಷರತ್ತು. ಹತ್ತು ಪಟ್ಟು ಮಾಡಿದ್ದೇವೆ ಅಂತ ಹಲಗೆ ಮೇಲೆ ಬರೀಬೇಕು. ದೊಡ್ಡಕ್ಷರದಲ್ಲಿ. ಅದನ್ನು ನಾನೇ ಬರೀತೀನಿ."

ಮುಂದಿನ ದಿನಗಳಲ್ಲಿ ನಮ್ಮ ಮನೆ ಮೆಂತ್ಯದ ವಾಸನೆಯಲ್ಲಿ ಮುಳುಗಿತು. ನಾವು ಮೂವರು ಕಾರ್ಖಾನೆಯಿಂದ ಬಂದು ಒರಳು ತಿರುವುವವರ ದರ್ಜೆಗೆ ಇಳಿದೆವು. ಅವಳು ಮುದ್ದೆಯನ್ನು ಬೆರಳಿನಿಂದ ಒತ್ತಿ ಒತ್ತಿ ಸಾಲುಗಳನ್ನು ಎಬ್ಬಿಸಿದಳು. ಎತ್ತರ ಸರಿಯಿದೆಯೇ ಎಂದು ಬೆಳಗಾವಿಯವನು ಗುಂಡುಸೂಜಿ ಚುಚ್ಚಿ ಅಳೆದ. ಸಾಲ್ಹೇರದ ಕಡೆಯ ಸೇಲಬಾರಿ-ಡೋಲಬಾರಿ ಸಾಲು ಬಿಸಿಲಿಗೆ ಸಿಕ್ಕಿ ಬಿರುಕು ಬಿಟ್ಟಿತು. ಬುಟ್ಟಿಯಾದರೂ ನೆರಳಿನಲ್ಲೇ ಒಣಗಬೇಕೆಂಬ ತಿಳಿವಳಿಕೆ ವಿಮಾನದವರಿಗಿಲ್ಲವೆಂದು ಅವಳು ನಮ್ಮನ್ನು ಬೈದಳು, ಹಸಿ ಮುದ್ದೆ ತುಂಬಿ ಸರಿಪಡಿಸಿದಳು. ಸಹ್ಯಾದ್ರಿ ಮಂಚದ ಕೆಳಗೆ ಸೇರಿದ್ದು ಈ ನೆರಳಿನ ಕಾರಣಕ್ಕಾಗಿ. ಒಣಗಿದ ಮೇಲೆ ಮತ್ತೆ ಬಣ್ಣ, ಮತ್ತೆ ವಾರ್ನಿಶ್. ಮೂಲೆಯಲ್ಲಿ ಮೈಸೂರಿನವರ ಮುದ್ರಣದಂಥ ಅಕ್ಷರಗಳು, ಮರಾಠಿಯಲ್ಲಿ: ಎತ್ತರವನ್ನು ಹತ್ತು ಪಟ್ಟು ಹೆಚ್ಚಿಸಲಾಗಿದೆ.

ಪಾಠದ ದಿನ ಕೈಗಾಡಿಯ ಮೇಲೆ ಪರ್ವತವನ್ನು ಸಾಗಿಸಿದೆವು. ಪಂಚವಟಿಯ ಓಣಿಗಳಲ್ಲಿ ಮೆರವಣಿಗೆಗಳು ಹೊಸತಲ್ಲವಾದ್ದರಿಂದ ಒಬ್ಬಿಬ್ಬರು ಅಭ್ಯಾಸಬಲದಿಂದ ಕೈ ಮುಗಿದರು. ನಾನೂ ಮೈಸೂರಿನವರೂ ಅರ್ಧ ದಿನ ರಜೆ ಹಾಕಿ, ತರಗತಿಯ ಹಿಂದೆ ಹಮಾಲರ ಮುಖ ಮಾಡಿಕೊಂಡು ನಿಂತೆವು.

ಅವಳು ಚೆನ್ನಾಗಿ ಕಲಿಸಿದಳು. ಆ ಕನ್ನಡ ಊರಿನ ಘಾಟಿನ ಬಗ್ಗೆ ಹೇಳುವಾಗ ಒಬ್ಬ ಹುಡುಗಿಯನ್ನು ಕರೆದು ಆ ಅಂಚಿನ ಮೇಲೆ ಬೆರಳು ಜಾರಿಸಲು ಹೇಳಿದಳು. ಬೆರಳು ನಿಧಾನವಾಗಿ ಏರಿ ಹಠಾತ್ತನೆ ಬಿದ್ದಾಗ ಹುಡುಗಿ "ಅಗ ಬಾಈ" ಎಂದು ಬೆಚ್ಚಿ ಕೈ ಎಳೆದುಕೊಂಡಳು. ಮಂಡಳಿಯವರು ನಕ್ಕರು, ಕರಿ ಟೋಪಿಯ ಹಿರಿಯರ ಹೊರತು. ಅವರು ಮೂಲೆಯ ಅಕ್ಷರಗಳನ್ನು ಓದುತ್ತಿದ್ದರು.

"ಹತ್ತು ಪಟ್ಟು," ಎಂದರು ಮರಾಠಿಯಲ್ಲಿ. "ಅಂದರೆ ಇದು ಸುಳ್ಳು ಎಂದು ನೀವೇ ಬರೆದಿದ್ದೀರಿ."

ಮೈಸೂರಿನವರು ನನ್ನ ಪಕ್ಕದಲ್ಲಿ ಕುಗ್ಗಿಹೋದರು.

"ಎತ್ತರ ಹೆಚ್ಚಿಸಿದ್ದೇನೆ, ಆಜೋಬಾ," ಎಂದಳು ಅವಳು, ಅಜ್ಜ ಎಂದು ಕರೆಯುವ ಅವರದೇ ಮಾತಿನಲ್ಲಿ. "ಯಾವುದು ಎಲ್ಲಿದೆಯೋ ಅಲ್ಲೇ ಇದೆ. ಯಾವ ಕಡೆ ಇಳಿಜಾರಿದೆಯೋ ಆ ಕಡೆಯೇ ಇದೆ."

"ಹೇಗೆ ನಂಬುವುದು?"

"ನೀವೇ ಹೇಳಿ. ಏನು ಮಾಡಿ ತೋರಿಸಲಿ?"

ಹಿರಿಯರು ಯೋಚಿಸಿದರು. ಆಮೇಲೆ ಮೇಜಿನ ಮೇಲೆ ತಮಗಾಗಿ ಇಟ್ಟಿದ್ದ ನೀರಿನ ತಂಬಿಗೆ ಎತ್ತಿಕೊಂಡರು. "ನಮ್ಮ ಗಂಗೆ ಬ್ರಹ್ಮಗಿರಿಯಲ್ಲಿ ಹುಟ್ಟುತ್ತಾಳೆ," ಎಂದರು. ನಾಶಿಕದವರು ಗೋದಾವರಿಯನ್ನು ಹಾಗೆಯೇ ಕರೆಯುವುದು. "ಎಲ್ಲಿಗೆ ಹೋಗುತ್ತಾಳೋ ನೋಡೋಣ."

ಇದನ್ನು ನಾವು ಯಾರೂ ಪರೀಕ್ಷಿಸಿರಲಿಲ್ಲ. ಮುಖ್ಯಾಧ್ಯಾಪಿಕೆಯ ಕೈ ತಾನಾಗಿ ಎದ್ದು ತಂಬಿಗೆಯ ಕಡೆ ಹೋಯಿತು, ಮಧ್ಯದಲ್ಲೇ ನಿಂತಿತು. ನನ್ನ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಳು. "ಹಾಕಿ," ಎಂದಳು.

ಹಿರಿಯರು ಬ್ರಹ್ಮಗಿರಿಯ ನೆತ್ತಿಯ ಮೇಲೆ ಸಣ್ಣ ಧಾರೆಯಾಗಿ ನೀರು ಬಿಟ್ಟರು. ಸ್ವಲ್ಪ ಪಶ್ಚಿಮಕ್ಕೆ ಜಾರಿ ಕೊಂಕಣಕ್ಕೆ ಬಿತ್ತು. ಅದು ನ್ಯಾಯವೇ, ಬೆನ್ನಿನ ಆ ಕಡೆಯ ನೀರು ಸಮುದ್ರಕ್ಕೇ ಸೇರಬೇಕು. ಉಳಿದದ್ದು ಪೂರ್ವಕ್ಕೆ ಹೊರಟಿತು. ನಾಶಿಕದ ಹತ್ತಿರ ಬಂದು ನಿಂತುಬಿಟ್ಟಿತು. ಒಂದು ಗುಂಡನೆಯ ಹನಿಯಾಗಿ ಉಬ್ಬುತ್ತ, ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹನಿಯ ಕಡೆ ತಿರುಗಿದ್ದ ಅವಳ ಎರಡೂ ಕೈ ಬೆನ್ನ ಹಿಂದೆ ಇದ್ದವು. ಬೆರಳುಗಳು ಒಂದಕ್ಕೊಂದು ಹೆಣೆದು ಬೆಳ್ಳಗಾಗಿದ್ದದ್ದು ಹಿಂದೆ ನಿಂತ ನನಗೆ ಕಾಣುತ್ತಿತ್ತು.

ಹಿರಿಯರು ಇನ್ನಷ್ಟು ನೀರು ಬಿಟ್ಟರು. ಹನಿ ತುಂಬಿ ಒಡೆಯಿತು. ಉತ್ತರಕ್ಕೆ ಸಾತಮಾಳ, ದಕ್ಷಿಣಕ್ಕೆ ಬಾಲಾಘಾಟ, ಎರಡರ ನಡುವೆ ನೀರು ದಾರಿ ಕಂಡುಕೊಂಡು ಪೈಠಣದವರೆಗೆ ಹೋಯಿತು, ನಾಂದೇಡದ ಕಡೆ ತಿರುಗಿತು, ಹಲಗೆಯ ಅಂಚು ಮುಟ್ಟಿ, ಅಲ್ಲಿಂದ ನೇರವಾಗಿ ಹಿರಿಯರ ಧೋತರದ ಮೇಲೆ ಇಳಿಯಿತು.

ಅವರು ಹಿಂದೆ ಸರಿಯಲಿಲ್ಲ. ಅಂಚಿನಿಂದ ತೊಟ್ಟಿಕ್ಕುವ ನೀರಿಗೆ ಬೆರಳು ಒಡ್ಡಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡರು. ಬಹುಶಃ ಅಭ್ಯಾಸ. ಆಮೇಲೆ ಮುಖ್ಯಾಧ್ಯಾಪಿಕೆಯ ಕಡೆ ತಿರುಗಿ, "ಈ ಹಲಗೆ ಶಾಲೆಯಲ್ಲೇ ಇರಲಿ. ಬಾಈಯೂ ಇರಲಿ," ಎಂದರು. ಒದ್ದೆ ಧೋತರದಲ್ಲೇ ಪಕ್ಕದ ತರಗತಿಯ ಗಣಿತದ ಪಾಠಕ್ಕೆ ಹೋದರು.

ಹೊರಗೆ ಬೇವಿನ ಮರದ ಕೆಳಗೆ ಮೈಸೂರಿನವರು ನನ್ನ ತೋಳು ಹಿಡಿದು ನಿಲ್ಲಿಸಿದರು. "ಒಂದು ವಿಷಯ ಗೊತ್ತಾಯ್ತೇನ್ರೀ? ನಮ್ಮ ಮೊದಲಿನ ಹಲಗೆ ಮೇಲೆ ಈ ನೀರು ಹಾಕಿದ್ದಿದ್ದರೆ ಅಲ್ಲೇ ನಿಲ್ಲೋದು. ಬಟ್ಟೆ ತಂದು ಒರೆಸಬೇಕಾಗ್ತಿತ್ತು." ಇದು ಅವರಿಗೆ ಸಂತೋಷದ ವಿಷಯವೋ ದುಃಖದ್ದೋ ತಿಳಿಯಲಿಲ್ಲ. ಅವರಿಗೂ ತಿಳಿದಂತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಅವಳು ಬಂದಳು. ಕಾಯಂ ಆದ ಶಿಕ್ಷಕಿಯ ಮುಖ ಹೇಗಿರಬೇಕೆಂದು ನನಗೊಂದು ಕಲ್ಪನೆಯಿತ್ತು, ಅದು ಹಾಗಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು. ಪೇಢೆ ತರಲೇ ಎಂದು ಕೇಳಿದೆ.

"ತರ್ರಿ. ತರೋ ಮುಂದ ಆ ಬೆಳಗಾವಿಯವರ ಮನಿ ಮುಂದಿನಿಂದ ಬರ್ರಿ. ಸಣ್ಣ ಅರ ತರಲಿಕ್ಕಿ ಹೇಳ್ರಿ ಅವರಿಗಿ."

"ಅರ ಯಾಕ?"

"ನಾಶಿಕದಾಗ ನೀರು ನಿಂತಿದ್ದು ನೋಡಲಿಲ್ಲೇನು? ಊರು ಕೂದಲೆಳಿ ಎತ್ತರಾಗ್ಯಾದ. ನಾಳಿ ಎಂಟನೇ ಇಯತ್ತೆ ಹುಡುಗಿಯರು ನೀರು ಹಾಕೂಣು ಅಂತ ಕಾದು ಕೂತಾರ, ಅಷ್ಟರಾಗ ಕೆರೀಬೇಕು."